ಬಡತನದಲ್ಲಿರುವ ಮಕ್ಕಳ ಪೋಷಣೆ ಮತ್ತು ರಕ್ಷಣೆ: ಸಭೆಯ ಮೊದಲ ಕರ್ತವ್ಯ ಯಾವುದು?

ಸಭೆಯ ಹಿರಿಯರೊಬ್ಬರು (ಚರ್ಚೆ ಆರಂಭಿಸಿದವರು)

ಕರ್ತನಲ್ಲಿ ಪ್ರಿಯರಾದ ಸಹೋದರ ಸಹೋದರಿಯರಿಗೆ ವಂದನೆಗಳು. ಬಡ ಮಕ್ಕಳ ಸೇವೆಗೆಂದು ನಮ್ಮ ಕ್ರೈಸ್ತ ಸಭೆಯಲ್ಲಿ ಕೆಲಕಾಲದಿಂದ ಪ್ರತ್ಯೇಕ ಕಾಣಿಕೆ ಕೂಡುತ್ತಾ ಬಂದಿದೆ. ಅದರಿಂದ ಒಂದು ಅನಾಥಾಲಯವನ್ನು ಕಟ್ಟಬೇಕೆಂಬುದು ಬಹುಮಂದಿಯ ಆಸೆ. ಮಕ್ಕಳಿಗೆ ಊಟ, ಓದು, ಪ್ರಾರ್ಥನೆ ಎಲ್ಲವೂ ಒಂದೇ ಸೂರಿನಡಿ ಸಿಗುತ್ತದೆ, ಕಾಣಿಕೆ ಕೊಟ್ಟವರಿಗೂ ಹಣ ಎಲ್ಲಿ ಹೋಯಿತೆಂದು ಕಣ್ಣಾರೆ ಕಾಣುತ್ತದೆ ಎಂಬುದು ಅವರ ಮಾತು. ಆದರೆ ನಮಗೆ ಪರಿಚಯವಿರುವ ಮಕ್ಕಳಲ್ಲಿ ಹೆಚ್ಚಿನವರಿಗೆ ತಾಯಿಯೋ ಅಜ್ಜಿಯೋ ಇದ್ದಾರೆ. ಅವರಿಗೆ ಇಲ್ಲದಿರುವುದು ಪ್ರೀತಿಯಲ್ಲ, ಸಂಪಾದನೆ. ಇಂತಹ ಮಕ್ಕಳನ್ನು ಮನೆಯಿಂದ ತಂದು ಸಾಕುವುದು ಸತ್ಯವೇದ ಹೇಳುವ ಪರಾಮರಿಕೆಯೇ ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಮಕ್ಕಳ ನಡುವೆ ಸೇವೆ ಮಾಡಿದವರು, ವಾಕ್ಯವನ್ನು ಬಲ್ಲವರು ವಿವರವಾಗಿ ಬರೆಯಬೇಕೆಂದು ಕೇಳಿಕೊಳ್ಳುತ್ತೇನೆ.

ಒಬ್ಬ ಸಭಾಪಾಲಕರು

ಹಿರಿಯರೇ, ಒಳ್ಳೆಯ ಪ್ರಶ್ನೆಯನ್ನು ಎತ್ತಿದ್ದೀರಿ. ಈ ವಿಷಯ ಬಂದಾಗಲೆಲ್ಲ ನಾವು ಯಾಕೋಬನ ಪತ್ರಿಕೆಯ 1:27ನ್ನು ಉದಾಹರಿಸುತ್ತೇವೆ. ಅಲ್ಲಿ ದಿಕ್ಕಿಲ್ಲದ ಮಕ್ಕಳ ಜೊತೆಗೆ ವಿಧವೆಯರನ್ನೂ ಹೇಳಿದೆ ಎಂಬುದನ್ನು ಮಾತ್ರ ಓದಿದಷ್ಟೇ ಬೇಗ ಮರೆಯುತ್ತೇವೆ. ಹಳೆಯ ಒಡಂಬಡಿಕೆಯ ಉದ್ದಕ್ಕೂ ಈ ಇಬ್ಬರೂ ಜೊತೆಯಾಗಿಯೇ ಬರುತ್ತಾರೆ. ವಿಮೋಚನಕಾಂಡ 22ರಲ್ಲಿ ದೇವರು ಕೊಡುವ ಎಚ್ಚರಿಕೆಯನ್ನು ನೋಡಿ: ಇವರನ್ನು ಪೀಡಿಸಿದರೆ ನಿಮ್ಮ ಹೆಂಡತಿಯರೇ ವಿಧವೆಯರಾಗುವರು, ನಿಮ್ಮ ಮಕ್ಕಳೇ ದಿಕ್ಕಿಲ್ಲದವರಾಗುವರು ಎಂದು ಹೇಳಲಾಗಿದೆ. ಅಂದರೆ ಅಲ್ಲಿ ದಿಕ್ಕಿಲ್ಲದ ಮಗುವಿಗೆ ತಾಯಿ ಬದುಕಿದ್ದಾಳೆ. ಆ ಮನೆಗೆ ಬಂದಿರುವ ಆಪತ್ತು ದುಡಿಯುವ ಕೈಯನ್ನೂ ನ್ಯಾಯಸ್ಥಾನದಲ್ಲಿ ತನ್ನ ಪರವಾಗಿ ನಿಲ್ಲುವವನನ್ನೂ ಕಳೆದುಕೊಂಡಿರುವುದು.

ಇದಕ್ಕೆ ಎರಡನೆಯ ಅರಸುಗಳು ನಾಲ್ಕನೆಯ ಅಧ್ಯಾಯಕ್ಕಿಂತ ಸ್ಪಷ್ಟವಾದ ಚಿತ್ರ ನನಗೆ ಬೇರೆ ಕಾಣುವುದಿಲ್ಲ. ಗಂಡನನ್ನು ಕಳೆದುಕೊಂಡ ಹೆಂಗಸೊಬ್ಬಳು ಎಲೀಷನ ಬಳಿಗೆ ಬಂದು, ಸಾಲ ಕೊಟ್ಟವನು ತನ್ನ ಇಬ್ಬರು ಮಕ್ಕಳನ್ನು ದಾಸರನ್ನಾಗಿ ಒಯ್ಯಲು ಬಂದಿದ್ದಾನೆಂದು ಗೋಳಾಡುತ್ತಾಳೆ. ಪ್ರವಾದಿಯು ಆ ಹುಡುಗರನ್ನು ತನ್ನ ಶಿಷ್ಯಮಂಡಲಿಯಲ್ಲಿ ಇಟ್ಟುಕೊಳ್ಳುತ್ತೇನೆಂದು ಹೇಳುವುದಿಲ್ಲ. ನಿನ್ನ ಮನೆಯಲ್ಲಿ ಏನಿದೆ ಎಂದು ಕೇಳುತ್ತಾನೆ. ನೆರೆಹೊರೆಯವರಿಂದ ಪಾತ್ರೆಗಳನ್ನು ಕೇಳಿ ತರಲು ಹೇಳುತ್ತಾನೆ. ಎಣ್ಣೆಯನ್ನು ಮಾರಿ ಸಾಲ ತೀರಿಸಿ, ಉಳಿದದ್ದರಿಂದ ನೀನೂ ಮಕ್ಕಳೂ ಜೀವನ ಮಾಡಿರಿ ಎನ್ನುತ್ತಾನೆ. ಸಾಲ ತೀರಿತು, ಜೀವನೋಪಾಯ ಸಿಕ್ಕಿತು, ಮಕ್ಕಳು ತಾಯಿಯ ಬಳಿಯಲ್ಲೇ ಉಳಿದರು. ಪಾತ್ರೆಗಳನ್ನು ಅಮ್ಮನಿಗೆ ಎತ್ತಿಕೊಟ್ಟವರೂ ಆ ಮಕ್ಕಳೇ.

ನೆಹೆಮೀಯ ಐದನೆಯ ಅಧ್ಯಾಯವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಬರಗಾಲದಲ್ಲಿ ಧಾನ್ಯಕ್ಕಾಗಿ, ತೆರಿಗೆಗಾಗಿ ಸಾಲ ಮಾಡಿದ ಜನರು ತಮ್ಮ ಗಂಡುಮಕ್ಕಳನ್ನೂ ಹೆಣ್ಣುಮಕ್ಕಳನ್ನೂ ದಾಸತ್ವಕ್ಕೆ ಒಪ್ಪಿಸಬೇಕಾಗಿ ಬಂದಿತ್ತು. ನೆಹೆಮೀಯನು ಶ್ರೀಮಂತರನ್ನು ಸಭೆಯ ಮುಂದೆ ನಿಲ್ಲಿಸಿ, ಹೊಲಗಳನ್ನೂ ಬಡ್ಡಿಯನ್ನೂ ಹಿಂದಕ್ಕೆ ಕೊಡಿಸುತ್ತಾನೆ. ಮಗು ಮನೆ ಬಿಟ್ಟು ಹೋಗುವುದಕ್ಕೆ ಕಾರಣ ಸಾಲವಾಗಿದ್ದರೆ, ಸಾಲದ ವಿಷಯದಲ್ಲಿ ಮಾತಾಡದೆ ಮಗುವಿಗೆ ಮಾತ್ರ ಅನ್ನ ಹಾಕುವುದು ಅರ್ಧ ವಿಧೇಯತೆ ಎಂಬುದೇ ನನ್ನ ಅಭಿಪ್ರಾಯ.

ಅನಾಥಾಲಯದಲ್ಲಿ ಬೆಳೆದವರು

ಪಾಸ್ಟರ್ ಅವರೇ, ತಮ್ಮ ಮಾತನ್ನು ಗೌರವದಿಂದ ಓದಿದೆ. ಆದರೂ ಅನಾಥಾಲಯಗಳ ಬಗ್ಗೆ ಒಂದು ಮಾತನ್ನು ನಾನು ಹೇಳಲೇಬೇಕು, ಏಕೆಂದರೆ ನಾನು ಬದುಕಿ ಓದಿದ್ದು ಅಂತಹ ಒಂದು ಮನೆಯಲ್ಲಿ. ಹುಟ್ಟಿದ ಕೂಸುಗಳನ್ನು ಬೀದಿಯಲ್ಲಿ ಬಿಟ್ಟುಹೋಗುವುದು ರೋಮನ್ ಸಾಮ್ರಾಜ್ಯದಲ್ಲಿ ಸಾಮಾನ್ಯವಾಗಿದ್ದ ಕಾಲದಲ್ಲಿ ಅದನ್ನು ಪಾಪವೆಂದು ಬಹಿರಂಗವಾಗಿ ಹೇಳಿದವರು ಆದಿ ಕ್ರೈಸ್ತರು. ಎರಡನೆಯ ಶತಮಾನದಲ್ಲಿ ರಕ್ತಸಾಕ್ಷಿ ಜಸ್ಟಿನ್ ಚಕ್ರವರ್ತಿಗೆ ಬರೆದ ಮನವಿಯಲ್ಲಿ ಹಾಗೆ ಬಿಟ್ಟ ಮಕ್ಕಳು ಹೇಗೆ ವೇಶ್ಯಾವಾಟಿಕೆಯ ಪಾಲಾಗುತ್ತಿದ್ದರೆಂದು ವಿವರಿಸಿದ್ದಾನೆ. ವಾರದ ಆರಾಧನೆಯಲ್ಲಿ ಕೂಡಿದ ಕಾಣಿಕೆಯು ಅನಾಥರಿಗೂ ವಿಧವೆಯರಿಗೂ ಸಲ್ಲುತ್ತಿತ್ತೆಂದೂ ತಿಳಿಸಿದ್ದಾನೆ. ನಾಲ್ಕನೆಯ ಶತಮಾನದಲ್ಲಿ ಕೈಸರೈಯದ ಬಿಷಪ್ ಬೇಸಿಲ್ ಬಡವರಿಗೂ ರೋಗಿಗಳಿಗೂ ಆಶ್ರಯ ಕಟ್ಟಿದನು. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಸ್ಟಲ್ ನಗರದ ಜಾರ್ಜ್ ಮುಲ್ಲರ್ ಯಾರ ಬಳಿಯೂ ಹಣ ಬೇಡದೆ, ಪ್ರಾರ್ಥನೆಯನ್ನೇ ನೆಚ್ಚಿಕೊಂಡು, 1836ರಿಂದ ಆರಂಭಿಸಿ ತನ್ನ ಜೀವಮಾನದಲ್ಲಿ ಹತ್ತಿರಹತ್ತಿರ 10,000 ಅನಾಥ ಮಕ್ಕಳನ್ನು ಸಾಕಿದನು.

ಇವರೆಲ್ಲರೂ ಕೈಕಟ್ಟಿ ಕುಳಿತಿದ್ದರೆ ಆ ಮಕ್ಕಳ ಗತಿ ಏನಾಗುತ್ತಿತ್ತು? ಇಂದಿಗೂ ನಿಜವಾಗಿ ಯಾರೂ ಇಲ್ಲದ ಮಕ್ಕಳಿದ್ದಾರೆ. ಮನೆಯೇ ಅಪಾಯದ ಸ್ಥಳವಾಗಿರುವ ಮಕ್ಕಳೂ ಇದ್ದಾರೆ. ಕುಟುಂಬದಲ್ಲೇ ಇರಲಿ ಎಂಬ ಮಾತು ಅಂತಹ ಮಗುವಿಗೆ ಶಿಕ್ಷೆಯಾಗಬಾರದು.

ಮಕ್ಕಳ ರಕ್ಷಣೆಯ ಕೆಲಸದಲ್ಲಿರುವ ಸಹೋದರಿ

ಅಣ್ಣ, ನಿಮ್ಮ ಮಾತಿನ ಕೊನೆಯ ಭಾಗವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಹೊಡೆತ, ಲೈಂಗಿಕ ಹಿಂಸೆ, ಮಾರಾಟದ ಭಯ ಇರುವ ಮನೆಯಿಂದ ಮಗುವನ್ನು ಬೇರ್ಪಡಿಸಲೇಬೇಕು, ಅದಕ್ಕೆ ಕಾನೂನಿನ ನೆರವನ್ನು ತಕ್ಷಣ ಪಡೆಯಬೇಕು. ನನ್ನ ಆಕ್ಷೇಪ ಇರುವುದು ಬಡತನವೊಂದನ್ನೇ ಕಾರಣವಾಗಿ ಹಿಡಿದು ಮಗುವನ್ನು ಬೇರ್ಪಡಿಸುವುದಕ್ಕೆ. ವಿಶ್ವಸಂಸ್ಥೆಯ ಸಾಮಾನ್ಯ ಸಭೆ 2009ರಲ್ಲಿ ಅಂಗೀಕರಿಸಿದ ಪರ್ಯಾಯ ಪೋಷಣೆಯ (ಹೆತ್ತವರ ಆರೈಕೆ ಇಲ್ಲದ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆಯ) ಮಾರ್ಗಸೂಚಿಗಳೂ ಇದನ್ನೇ ಹೇಳುತ್ತವೆ: ಬಡತನವು ಮಗುವನ್ನು ಹೆತ್ತವರಿಂದ ಬಿಡಿಸುವುದಕ್ಕೆ ಏಕೈಕ ಕಾರಣ ಆಗಬಾರದು, ಅದು ಆ ಕುಟುಂಬಕ್ಕೆ ನೆರವು ಬೇಕೆಂಬುದರ ಗುರುತು. ಅನಾಥಾಲಯವೆಂಬ ಫಲಕದ ಹಿಂದೆ ವಾಸಿಸುವ ಮಕ್ಕಳಲ್ಲಿ ಬಹುಪಾಲು ಮಂದಿಗೆ ತಂದೆತಾಯಿಯರಲ್ಲಿ ಒಬ್ಬರಾದರೂ ಇದ್ದಾರೆ ಎಂಬುದು ಈ ಕ್ಷೇತ್ರದವರೆಲ್ಲ ಬಲ್ಲ ವಿಷಯ. ಶಾಲೆಯ ಖರ್ಚಿಗೆ ದಾರಿಯಿಲ್ಲದ ತಾಯಿಗೆ, ಮಗುವನ್ನು ನಮಗೆ ಕೊಟ್ಟರೆ ಓದಿಸುತ್ತೇವೆ ಎಂದು ಹೇಳಿದರೆ, ಅವಳು ಕಣ್ಣೀರಿಟ್ಟುಕೊಂಡಾದರೂ ಕೊಡುತ್ತಾಳೆ. ಅದನ್ನು ಅವಳ ಒಪ್ಪಿಗೆ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಬೇಸಿಲನ ಹೆಸರು ಬಂದದ್ದು ಒಳ್ಳೆಯದಾಯಿತು. ತನ್ನ ಮಠಗಳಿಗಾಗಿ ಅವನು ಬರೆದ ನಿಯಮಗಳಲ್ಲಿ ಅನಾಥ ಮಕ್ಕಳನ್ನು ಸ್ವೀಕರಿಸಿ ತಂದೆಯ ಹಾಗೆ ನೋಡಿಕೊಳ್ಳಬೇಕೆಂದಿದ್ದಾನೆ. ಹೆತ್ತವರಿರುವ ಮಕ್ಕಳನ್ನಾದರೋ ಅವರೇ ಕರೆತಂದಾಗ ಮಾತ್ರ, ಅನೇಕ ಸಾಕ್ಷಿಗಳ ಎದುರಿನಲ್ಲಿ ಸ್ವೀಕರಿಸಬೇಕೆಂದಿದ್ದಾನೆ. ಯಾವ ಮಗು ಯಾವ ಕಾರಣಕ್ಕೆ ಒಳಗೆ ಬರುತ್ತಿದೆ ಎಂಬುದನ್ನು ಬಾಗಿಲಲ್ಲೇ ವಿಚಾರಿಸಬೇಕೆಂಬ ಎಚ್ಚರ ಅಷ್ಟು ಹಿಂದೆಯೇ ಸಭೆಗೆ ಇತ್ತು.

ಎಳೆಯ ಮಕ್ಕಳ ವಿಷಯದಲ್ಲಂತೂ ವಿಜ್ಞಾನವೂ ಅನುಮಾನಕ್ಕೆ ಎಡೆಕೊಟ್ಟಿಲ್ಲ. ರುಮೇನಿಯದ ಬುಖಾರೆಸ್ಟ್ ನಗರದಲ್ಲಿ ಈ ಶತಮಾನದ ಆರಂಭದಲ್ಲಿ ಶುರುವಾದ ಅಧ್ಯಯನದಲ್ಲಿ, ಸಂಸ್ಥೆಗಳಲ್ಲಿದ್ದ 136 ಪುಟ್ಟ ಮಕ್ಕಳಲ್ಲಿ ಅರ್ಧದಷ್ಟು ಮಂದಿಯನ್ನು ಚೀಟಿ ಎತ್ತಿದಂತೆ ಆರಿಸಿ, ತರಬೇತಿ ಪಡೆದ ಸಾಕು ಕುಟುಂಬಗಳಲ್ಲಿ ಇರಿಸಲಾಯಿತು. ಕುಟುಂಬ ಸೇರಿದ ಮಕ್ಕಳ ಬುದ್ಧಿಯ ಬೆಳವಣಿಗೆಯೂ ಇನ್ನೊಬ್ಬರನ್ನು ನಂಬಿ ಅಂಟಿಕೊಳ್ಳುವ ಶಕ್ತಿಯೂ ಸಂಸ್ಥೆಯಲ್ಲೇ ಉಳಿದವರಿಗಿಂತ ಉತ್ತಮವಾದವು. ಎರಡು ವರ್ಷ ತುಂಬುವ ಮೊದಲೇ ಕುಟುಂಬ ಸೇರಿದವರಿಗೆ ಹೆಚ್ಚಿನ ಪ್ರಯೋಜನವಾಯಿತು. ಆಯಾಗಳು ಕೆಟ್ಟವರಾದ್ದರಿಂದ ಸಂಸ್ಥೆಯ ಮಕ್ಕಳು ಹಿಂದುಳಿಯುತ್ತಾರೆಂದು ಯಾರೂ ತಿಳಿಯಬೇಡಿ. ಪಾಳಿಯ ಮೇಲೆ ಬದಲಾಗುವ ಕೈಗಳಲ್ಲಿ ಬೆಳೆಯುವ ಕೂಸಿಗೆ ನನ್ನವರು ಎಂದು ಗುರುತಿಸಲು ಒಂದು ಮುಖ ನಿಲ್ಲುವುದಿಲ್ಲ.

ಇನ್ನೊಂದು ನೋವಿನ ಇತಿಹಾಸವೂ ನಮ್ಮದೇ. ಸುಮಾರು 1869ರಿಂದ ಇಪ್ಪತ್ತನೆಯ ಶತಮಾನದ ನಡುವಿನವರೆಗೆ ಬ್ರಿಟನ್ನಿನ ಬಡ ಮಕ್ಕಳನ್ನು ಹಡಗುಗಳಲ್ಲಿ ಕೆನಡಾ, ಆಸ್ಟ್ರೇಲಿಯಾ ಮೊದಲಾದ ದೇಶಗಳಿಗೆ ಕಳುಹಿಸಲಾಯಿತು. ಕೆನಡಾಕ್ಕೆ ಹೋದವರೇ ಸುಮಾರು 1,00,000. ಕಳುಹಿಸಿದವರಲ್ಲಿ ಕ್ರೈಸ್ತ ಧರ್ಮಸಂಸ್ಥೆಗಳು ಮುಂಚೂಣಿಯಲ್ಲಿದ್ದವು, ಮತ್ತು ಅವುಗಳನ್ನು ನಡೆಸಿದವರಲ್ಲಿ ಅನೇಕರು ಪ್ರಾಮಾಣಿಕ ಭಕ್ತರು. ಹೆತ್ತವರು ಬದುಕಿದ್ದರೂ ಸತ್ತರೆಂದು ಎಷ್ಟೋ ಮಕ್ಕಳಿಗೆ ಹೇಳಲಾಯಿತು. ಅನೇಕರು ಹೊಲಗಳಲ್ಲೂ ಸಂಸ್ಥೆಗಳಲ್ಲೂ ದೌರ್ಜನ್ಯಕ್ಕೆ ಗುರಿಯಾದರು. ಆಸ್ಟ್ರೇಲಿಯಾದ ಪ್ರಧಾನಿ 2009ರಲ್ಲಿ, ಬ್ರಿಟನ್ನಿನ ಪ್ರಧಾನಿ 2010ರಲ್ಲಿ ಅಧಿಕೃತವಾಗಿ ಕ್ಷಮೆ ಕೇಳಿದರು. ಒಳ್ಳೆಯ ಉದ್ದೇಶವೊಂದೇ ಮಗುವಿಗೆ ರಕ್ಷಣೆಯಾಗಲಾರದು ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಕಿಲ್ಲ.

ಅನಾಥಾಲಯದಲ್ಲಿ ಬೆಳೆದವರು

ಅಕ್ಕ, ನೀವು ಬರೆದದ್ದು ಸತ್ಯ. ನನ್ನ ಜೊತೆ ಬೆಳೆದವರಲ್ಲಿಯೂ ಹಬ್ಬದ ದಿನ ಬಾಗಿಲ ಬಳಿ ಅಮ್ಮನಿಗಾಗಿ ಕಾಯುತ್ತಿದ್ದ ಮಕ್ಕಳಿದ್ದರು. ನಮ್ಮನ್ನು ಸಾಕಿದವರ ತ್ಯಾಗವನ್ನು ನಾನು ಎಂದಿಗೂ ಕಡೆಗಣಿಸಲಾರೆ. ಆದರೆ ಆ ಮಕ್ಕಳ ಅಮ್ಮಂದಿರಿಗೆ ಅದೇ ಹಣದಲ್ಲಿ ನೆರವು ಸಿಕ್ಕಿದ್ದರೆ ಅವರು ಕಾಯಬೇಕಾಗಿರಲಿಲ್ಲ ಎಂಬುದನ್ನೂ ಒಪ್ಪುತ್ತೇನೆ.

ಕಾಣಿಕೆ ಸಮಿತಿಯ ಸದಸ್ಯರು

ಒಂದೊಂದು ಮಗುವನ್ನು ಒಬ್ಬೊಬ್ಬ ದಾನಿಯು ದತ್ತು ತೆಗೆದುಕೊಂಡಂತೆ ತಿಂಗಳು ತಿಂಗಳು ಹಣ ಕಳುಹಿಸುವ ಪ್ರಾಯೋಜಕತ್ವದ ಕ್ರಮದ ಬಗ್ಗೆ ತಿಳಿದವರ ಅಭಿಪ್ರಾಯವೇನು? ಮಗು ಮನೆಯಲ್ಲೇ ಇದ್ದು ಓದುತ್ತದೆ ಎಂಬ ಕಾರಣಕ್ಕೆ ನಮ್ಮಲ್ಲಿ ಕೆಲವರು ಇದನ್ನು ಸೂಚಿಸಿದ್ದಾರೆ. ಮಗುವಿನ ಫೋಟೋವನ್ನು ದಾನಿಗಳಿಗೆ ಕಳುಹಿಸಬೇಕೆಂಬ ಷರತ್ತು ನನಗೆ ಸರಿಬರಲಿಲ್ಲ.

ಮಕ್ಕಳ ರಕ್ಷಣೆಯ ಕೆಲಸದಲ್ಲಿರುವ ಸಹೋದರಿ

ಈ ಕ್ರಮವು ಫಲ ಕೊಟ್ಟಿರುವುದಕ್ಕೆ ಆಧಾರವಿದೆ. 1952ರಲ್ಲಿ ಕೊರಿಯಾದ ಯುದ್ಧದ ಅನಾಥರಿಗಾಗಿ ಆರಂಭವಾದ ಕಂಪ್ಯಾಷನ್ ಸಂಸ್ಥೆಯ ಕೆಲಸವನ್ನು ಅರ್ಥಶಾಸ್ತ್ರಜ್ಞರಾದ ವೈಡಿಕ್, ಗ್ಲೆವೆ ಮತ್ತು ರಟ್ಲೆಜ್ ಆರು ದೇಶಗಳಲ್ಲಿ ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದರು. ಪ್ರಾಯೋಜಕತ್ವ ದೊರೆತ ಮಕ್ಕಳು ಸರಾಸರಿ ಒಂದರಿಂದ ಒಂದೂವರೆ ವರ್ಷದಷ್ಟು ಹೆಚ್ಚು ಕಾಲ ಶಾಲೆಯಲ್ಲಿ ಓದಿದರು, ದೊಡ್ಡವರಾದ ಮೇಲೆ ಸಂಬಳದ ಕೆಲಸ ಹಿಡಿಯುವ ಸಾಧ್ಯತೆಯೂ ಹೆಚ್ಚಿತು ಎಂದು ಅವರು ಕಂಡರು. ಒಂದೇ ಮನೆಯಲ್ಲಿ ಒಬ್ಬನಿಗೆ ಸಿಕ್ಕಿ ಇನ್ನೊಬ್ಬಳಿಗೆ ಸಿಗದಿದ್ದಾಗ ಆಗುವ ನೋವು ಮಾತ್ರ ಲೆಕ್ಕದಲ್ಲಿ ಕಾಣುವುದಿಲ್ಲ. ಆದ್ದರಿಂದ ನೆರವನ್ನು ಮನೆಗೆ ಕೊಡುವುದೇ ಲೇಸು.

ಫೋಟೋದ ವಿಷಯದಲ್ಲಿ ನಿಮ್ಮ ಹಿಂಜರಿಕೆ ಸರಿಯಾದದ್ದು. ಲಂಡನ್ನಿನಲ್ಲಿ ಬೀದಿ ಮಕ್ಕಳಿಗೆ ಆಶ್ರಯ ಕೊಟ್ಟು ಹೆಸರಾದ ಬರ್ನಾರ್ಡೊ, ಮಕ್ಕಳ ಹಿಂದಿನ ದುಸ್ಥಿತಿ ಮತ್ತು ಇಂದಿನ ಸುಸ್ಥಿತಿ ಎಂದು ತೋರಿಸುವ ಜೋಡಿ ಚಿತ್ರಗಳನ್ನು ಮಾರುತ್ತಿದ್ದನು. ಕೆಲವು ಚಿತ್ರಗಳಿಗಾಗಿ ಮಕ್ಕಳನ್ನು ಇದ್ದದ್ದಕ್ಕಿಂತ ದೀನರಾಗಿ ಕಾಣುವಂತೆ ಸಜ್ಜುಗೊಳಿಸಲಾಗಿತ್ತು. 1877ರ ಮಧ್ಯಸ್ಥಿಕೆಯ ವಿಚಾರಣೆಯಲ್ಲಿ ಅವನು ಇತರ ಮುಖ್ಯ ಆರೋಪಗಳಿಂದ ಮುಕ್ತನಾದರೂ ಈ ಚಿತ್ರಗಳ ವಿಷಯದಲ್ಲಿ ಟೀಕೆಗೆ ಗುರಿಯಾದನು. ನನ್ನ ನಿಲುವು ಇಷ್ಟು: ಆ ಮಗು ಇಪ್ಪತ್ತು ವರ್ಷಗಳ ನಂತರ ಆ ಚಿತ್ರವನ್ನೂ ಅದರ ಕೆಳಗಿನ ಬರಹವನ್ನೂ ನೋಡಿದರೆ ತಲೆತಗ್ಗಿಸಬೇಕಾಗುವಂತಿರಬಾರದು. ಹೆಸರು, ಶಾಲೆ, ಮನೆಯ ಗುರುತು ಎಲ್ಲವೂ ಜೊತೆಯಾಗಿ ಹೊರಗೆ ಹೋಗಲೇಬಾರದು. ಮಗುವಿನ ದಾರಿಯನ್ನು ಅಪರಿಚಿತರಿಗೆ ತೋರಿಸಿಕೊಟ್ಟಂತೆ ಆಗುತ್ತದೆ.

ಸಂಡೇ ಸ್ಕೂಲ್ ಶಿಕ್ಷಕಿ

ಇಲ್ಲಿಯವರೆಗೆ ಪೋಷಣೆಯ ಬಗ್ಗೆ ಮಾತಾಯಿತು. ಸಭೆಯ ಒಳಗಿನ ರಕ್ಷಣೆಯ ಬಗ್ಗೆ ಯಾರೂ ಬರೆಯದಿರುವುದು ನನಗೆ ಕಳವಳ ತಂದಿದೆ. ಬಡ ಮಗುವಿಗೆ ಎರಡು ಪಟ್ಟು ಅಪಾಯವಿದೆ. ಯಾರು ಊಟ ಕೊಡುತ್ತಾರೋ, ಯಾರು ಶಾಲೆಯ ಶುಲ್ಕ ಕಟ್ಟುತ್ತಾರೋ ಅವರ ವಿರುದ್ಧ ಮಗು ಬಾಯಿ ತೆರೆಯುವುದಿಲ್ಲ. ತೆರೆದರೂ ಅದರ ತಾಯಿ ಹೆದರಿ ಮುಚ್ಚಿಸುತ್ತಾಳೆ. ಉಪಕಾರದ ಭಾರವನ್ನು ಬಾಯಿಗೆ ಬೀಗವಾಗಿ ಬಳಸುವವರು ಸೇವೆಯ ವೇಷದಲ್ಲಿಯೇ ಬರುತ್ತಾರೆ.

2009ರಲ್ಲಿ ಐರ್ಲೆಂಡಿನಲ್ಲಿ ಪ್ರಕಟವಾದ ರಯಾನ್ ಆಯೋಗದ ವರದಿಯು ಧಾರ್ಮಿಕ ಸಂಘಗಳು ನಡೆಸುತ್ತಿದ್ದ ಶಾಲೆಗಳಲ್ಲಿ ಬಡ ಮಕ್ಕಳು ದಶಕಗಳ ಕಾಲ ಅನುಭವಿಸಿದ ಹಿಂಸೆಯನ್ನು ದಾಖಲಿಸಿತು. ಆಸ್ಟ್ರೇಲಿಯಾದ ರಾಯಲ್ ಕಮಿಷನ್ 2013ರಿಂದ 2017ರವರೆಗೆ ವಿಚಾರಣೆ ನಡೆಸಿದಾಗ, ಧಾರ್ಮಿಕ ಸಂಸ್ಥೆಗಳಲ್ಲಿ ನಡೆದ ಲೈಂಗಿಕ ದೌರ್ಜನ್ಯದ ಬಗ್ಗೆ 4,000ಕ್ಕೂ ಹೆಚ್ಚು ಮಂದಿ ಖಾಸಗಿಯಾಗಿ ಹೇಳಿಕೊಂಡರು. ಇವುಗಳಲ್ಲಿ ಮತ್ತೆ ಮತ್ತೆ ಕಾಣುವುದು ಮೊದಲ ತಪ್ಪಿಗಿಂತ ಅದನ್ನು ಮುಚ್ಚಿಟ್ಟ ತಪ್ಪು. ಆರೋಪ ಹೊತ್ತವನನ್ನು ಇನ್ನೊಂದು ಸ್ಥಳಕ್ಕೆ ವರ್ಗ ಮಾಡಿದರು, ಅಲ್ಲಿನ ಮಕ್ಕಳು ಹೊಸದಾಗಿ ಬಲಿಯಾದರು.

ಇಂತಹ ಸಂದರ್ಭದಲ್ಲಿ ನಮ್ಮ ಸಭೆಗಳಲ್ಲಿ ಎತ್ತುವ ವಾಕ್ಯ ಮತ್ತಾಯ 18:15. ನಿನ್ನ ಸಹೋದರನು ತಪ್ಪು ಮಾಡಿದರೆ ಒಬ್ಬನೇ ಹೋಗಿ ಅವನಿಗೆ ತಿಳಿಸು ಎಂಬ ಮಾತನ್ನು ತೋರಿಸಿ, ವಿಷಯವನ್ನು ನಾಲ್ಕು ಗೋಡೆಗಳೊಳಗೆ ಬಗೆಹರಿಸೋಣ ಎನ್ನುತ್ತಾರೆ. ಅದೇ ಅಧ್ಯಾಯವನ್ನು ಮೊದಲಿನಿಂದ ಓದುವಂತೆ ನಾನು ಎಲ್ಲರನ್ನೂ ಬೇಡಿಕೊಳ್ಳುತ್ತೇನೆ. ಶಿಷ್ಯರು ಪರಲೋಕ ರಾಜ್ಯದಲ್ಲಿ ಯಾರು ಹೆಚ್ಚಿನವನು ಎಂದು ಕೇಳಿದಾಗ ಯೇಸು ಒಂದು ಮಗುವನ್ನು ಕರೆದು ಅವರ ನಡುವೆ ನಿಲ್ಲಿಸುತ್ತಾನೆ; ಈ ಚಿಕ್ಕವರಲ್ಲಿ ಒಬ್ಬನಿಗೆ ಅಡ್ಡಿಯಾಗುವವನ ಕೊರಳಿಗೆ ಬೀಸುವ ಕಲ್ಲನ್ನು ಕಟ್ಟಿ ಸಮುದ್ರದಲ್ಲಿ ಮುಳುಗಿಸುವುದು ಅವನಿಗೆ ಲೇಸು ಎನ್ನುತ್ತಾನೆ; ಅವರ ದೂತರು ಯಾವಾಗಲೂ ತಂದೆಯ ಮುಖವನ್ನು ನೋಡುತ್ತಾರೆ ಎನ್ನುತ್ತಾನೆ. ಹದಿನೈದನೆಯ ವಚನ ಬರುವುದು ಇಷ್ಟೆಲ್ಲ ಆದ ಮೇಲೆ. ಏಟು ತಿಂದ ಮಗುವೊಂದು ಹೊಡೆದವನ ಬಳಿಗೆ ಒಬ್ಬಂಟಿಯಾಗಿ ಹೋಗಬೇಕೆಂಬ ಅರ್ಥ ಆ ಅಧ್ಯಾಯದಿಂದ ಹೇಗೆ ಹೊರಡುತ್ತದೆ?

ಯುವಜನ ಕೂಟದ ಮುಖಂಡರು

ಸಹೋದರಿಯವರೇ, ಕಾಳಜಿ ಅರ್ಥವಾಗುತ್ತದೆ. ಆದರೆ ನಿರಪರಾಧಿಯಾದ ಸೇವಕನ ಮೇಲೆ ಸುಳ್ಳು ಆರೋಪ ಬಂದರೆ ಅವನ ಜೀವನವೇ ಹಾಳಾಗುತ್ತದೆ. ನಿಜವಾಗಿಯೇ ತಪ್ಪು ಮಾಡಿ ಪಶ್ಚಾತ್ತಾಪಪಟ್ಟವನನ್ನು ಕ್ಷಮಿಸುವುದೂ ನಮ್ಮ ವಿಶ್ವಾಸದ ಭಾಗವಲ್ಲವೇ?

ಸಂಡೇ ಸ್ಕೂಲ್ ಶಿಕ್ಷಕಿ

ನಿರಪರಾಧಿಯನ್ನು ಕಾಪಾಡುವುದೂ ನಿಯಮಗಳೇ. ಯಾವ ದೊಡ್ಡವರೂ ಮುಚ್ಚಿದ ಕೋಣೆಯಲ್ಲಿ ಮಗುವಿನೊಂದಿಗೆ ಒಬ್ಬರೇ ಇರಬಾರದು, ಪ್ರತಿ ತರಗತಿಯಲ್ಲಿ ಸಂಬಂಧಿಕರಲ್ಲದ ಇಬ್ಬರು ದೊಡ್ಡವರಿರಬೇಕು, ರಾತ್ರಿಯ ಶಿಬಿರದಲ್ಲಿ ಮಲಗುವ ವ್ಯವಸ್ಥೆ ಬೇರೆಯಾಗಿರಬೇಕು, ಮಕ್ಕಳಿಗೆ ಖಾಸಗಿ ಸಂದೇಶಗಳನ್ನು ಕಳುಹಿಸಬಾರದು. ಇವುಗಳನ್ನು ಪಾಲಿಸುವ ಸಭೆಯಲ್ಲಿ ಸುಳ್ಳು ಆರೋಪ ಹೊರಿಸುವುದು ಕಷ್ಟ. ಆರೋಪ ನಿಜವೋ ಸುಳ್ಳೋ ಎಂದು ತೀರ್ಮಾನಿಸುವ ಅಧಿಕಾರವಾಗಲಿ ಪರಿಣತಿಯಾಗಲಿ ಹಿರಿಯರ ಮಂಡಲಿಗೆ ಇಲ್ಲ. ಅದಕ್ಕೆ ನೇಮಕವಾದವರಿಗೆ ಕೂಡಲೇ ತಿಳಿಸಬೇಕು, ಮಗುವನ್ನು ಮತ್ತೆ ಮತ್ತೆ ಪ್ರಶ್ನಿಸಬಾರದು.

ಕ್ಷಮೆಯ ಬಗ್ಗೆ ನನ್ನ ಉತ್ತರ ನೇರವಾದದ್ದು. ಕ್ಷಮೆಯನ್ನು ನೊಂದವರು ತಮ್ಮ ಸಮಯದಲ್ಲಿ ಕೊಡುತ್ತಾರೆ, ಅಥವಾ ಕೊಡದೆ ಇರುತ್ತಾರೆ. ಅವರ ಪರವಾಗಿ ಸಭೆಯು ಅದನ್ನು ಹಂಚುವಂತಿಲ್ಲ. ನಿಜವಾಗಿ ಪಶ್ಚಾತ್ತಾಪಪಟ್ಟವನು ಇನ್ನು ಮಕ್ಕಳ ನಡುವೆ ಸೇವೆ ಬೇಡ ಎಂದು ತಾನೇ ಹಿಂದೆ ಸರಿಯುತ್ತಾನೆ. ಮತ್ತೆ ಮಕ್ಕಳ ಕೋಣೆಯ ಬೀಗದ ಕೈಯನ್ನು ಕೇಳುವ ಪಶ್ಚಾತ್ತಾಪವನ್ನು ನಾನು ನಂಬುವುದಿಲ್ಲ.

ಒಬ್ಬ ಸಭಾಪಾಲಕರು

ಶಿಕ್ಷಕಿಯವರ ಪ್ರತಿಯೊಂದು ಮಾತಿಗೂ ನನ್ನ ಸಮ್ಮತಿಯಿದೆ. ಇದರ ಜೊತೆಗೆ ಒಂದು ಚಿಕ್ಕ ವಿಷಯ. ಸಹಾಯ ಪಡೆಯುವ ಕುಟುಂಬವು ಆರಾಧನೆಗೆ ಬರಲೇಬೇಕೆಂಬ ಷರತ್ತನ್ನು ದಯಮಾಡಿ ಯಾರೂ ಹಾಕಬೇಡಿ. ಒಳ್ಳೆಯ ಸಮಾರ್ಯದವನು ಗಾಯಗೊಂಡವನ ಮತವನ್ನು ವಿಚಾರಿಸಲಿಲ್ಲ. 1994ರಲ್ಲಿ ರೆಡ್ ಕ್ರಾಸ್‌ನೊಂದಿಗೆ ಸೇರಿ ಪರಿಹಾರ ಕಾರ್ಯದ ನೀತಿಸಂಹಿತೆಯನ್ನು ಸಿದ್ಧಪಡಿಸಿದವರಲ್ಲಿ ಕಾರಿತಾಸ್, ಲೂಥರನ್ ವಿಶ್ವ ಒಕ್ಕೂಟ ಮತ್ತು ಸಭೆಗಳ ವಿಶ್ವ ಪರಿಷತ್ತು ಇದ್ದವು; ನೆರವನ್ನು ಧಾರ್ಮಿಕ ನಿಲುವಿನ ಪ್ರಚಾರಕ್ಕೆ ಬಳಸಬಾರದೆಂಬುದು ಅದರ ಸ್ಪಷ್ಟ ನಿಯಮ. ಹಸಿದ ತಾಯಿಯ ಆಮೆನ್ ಎಂಬ ಮಾತು ಅವಳ ಹೃದಯದಿಂದ ಬಂದಿತೋ ಭಯದಿಂದ ಬಂದಿತೋ ಎಂದು ತಿಳಿಯದಂತೆ ಮಾಡುವುದು ಸುವಾರ್ತೆಗೇ ಅಪಮಾನ.

ಸಭೆಯ ಹಿರಿಯರೊಬ್ಬರು (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ಕೃತಜ್ಞತೆಗಳು. ಅನಾಥಾಲಯದ ಪ್ರಸ್ತಾವವನ್ನು ಕೈಬಿಟ್ಟು ಕುಟುಂಬಗಳಿಗೆ ನೆರವಾಗೋಣ ಎಂದು ಮುಂದಿನ ಸಮಿತಿಯಲ್ಲಿ ಹೇಳಲು ನಿರ್ಧರಿಸಿದ್ದೇನೆ. ಮಕ್ಕಳ ಸುರಕ್ಷತೆಯ ನಿಯಮಗಳು ಬರಹದಲ್ಲಿ ಬಂದು, ಎಲ್ಲ ಸೇವಕರೂ ಸಹಿ ಹಾಕಿದ ನಂತರವೇ ಹಣ ಬಿಡುಗಡೆಯಾಗಬೇಕೆಂದೂ ಕೇಳುತ್ತೇನೆ. ಒಂದು ಪ್ರಶ್ನೆ ಉಳಿದಿದೆ. ನಿಜವಾಗಿಯೇ ಯಾರೂ ಇಲ್ಲದ ಮಗು ನಮ್ಮ ಬಾಗಿಲಿಗೆ ಬಂದರೆ ಏನು ಮಾಡಬೇಕು?

ಮಕ್ಕಳ ರಕ್ಷಣೆಯ ಕೆಲಸದಲ್ಲಿರುವ ಸಹೋದರಿ

ಹಿರಿಯರೇ, ಮೊದಲು ಮಗುವಿಗೆ ಊಟ, ಚಿಕಿತ್ಸೆ, ಆ ರಾತ್ರಿಯ ಮಟ್ಟಿಗೆ ಕ್ಷೇಮವಾದ ಜಾಗ. ಜೊತೆಗೇ ಮಕ್ಕಳ ರಕ್ಷಣೆಯ ಅಧಿಕಾರಿಗಳಿಗೆ ಮಾಹಿತಿ. ಎಷ್ಟೇ ಕರುಣೆಯಿಂದಾದರೂ ಮಗುವನ್ನು ದಾಖಲೆಯಿಲ್ಲದೆ ಯಾರ ಮನೆಯಲ್ಲೂ ಇಟ್ಟುಕೊಳ್ಳಬಾರದು. ಯಾರೂ ಇಲ್ಲ ಎಂಬ ಮಾತನ್ನು ತಕ್ಷಣ ನಂಬದೆ, ಅಧಿಕಾರಿಗಳ ಮೂಲಕ ಅಜ್ಜಿ, ಚಿಕ್ಕಮ್ಮ, ಸೋದರಮಾವ, ದೊಡ್ಡವಳಾದ ಅಕ್ಕ ಹೀಗೆ ಒಬ್ಬೊಬ್ಬರನ್ನೂ ಹುಡುಕಿಸಬೇಕು; ಸಿಕ್ಕವರು ಮಗುವಿಗೆ ಕ್ಷೇಮವಾದವರೇ ಎಂದು ಪರಿಶೀಲಿಸಬೇಕು, ಬಡವರೆಂಬ ಕಾರಣಕ್ಕೆ ಅವರನ್ನು ತಳ್ಳಿಹಾಕಬಾರದು. ಒಡಹುಟ್ಟಿದವರನ್ನು ಅಗಲಿಸಬಾರದು. ಬಂಧುಗಳು ಸಿಗದಿದ್ದರೆ ಕಾನೂನುಬದ್ಧವಾದ ಸಾಕು ಕುಟುಂಬ ಅಥವಾ ದತ್ತು. ಇಲ್ಲಿ ನಿಮ್ಮ ಸಭೆಗೆ ದೊಡ್ಡ ಅವಕಾಶವಿದೆ: ಸಾಕು ತಂದೆತಾಯಿಯರಾಗಲು ಎರಡು ಮೂರು ಕುಟುಂಬಗಳು ಈಗಲೇ ಅರ್ಜಿ ಹಾಕಿ ತರಬೇತಿ ಪಡೆದಿದ್ದರೆ, ಮಗು ಬಂದ ದಿನ ಬಾಗಿಲು ಹುಡುಕಬೇಕಾಗುವುದಿಲ್ಲ. ಅಂತಹ ಕುಟುಂಬಗಳಿಗೆ ದಣಿವಾರಿಸಿಕೊಳ್ಳಲು ಸಭೆಯ ಬೇರೆಯವರು, ತಾವೂ ಅದೇ ಪರಿಶೀಲನೆಗೆ ಒಳಪಟ್ಟು, ವಾರಕ್ಕೊಮ್ಮೆಯಾದರೂ ಹೆಗಲು ಕೊಡಲಿ. ಅರ್ಜಿಯ ಕ್ರಮ ತಿಳಿಯಬೇಕಾದರೆ ನಿಮ್ಮ ಜಿಲ್ಲೆಯ ಮಕ್ಕಳ ರಕ್ಷಣಾ ಕಚೇರಿಯಲ್ಲಿ ವಿಚಾರಿಸಿ. ಸಮಿತಿಯ ದಿನ ಗೊತ್ತಾದರೆ ನನಗೂ ತಿಳಿಸಿ, ತರಬೇತಿಯ ಬಗ್ಗೆ ವಿವರಿಸಲು ನಾನು ಬರುತ್ತೇನೆ.